ರಕ್ತದ ಸಕ್ಕರೆ ಮತ್ತು ನಮ್ಮ ಊಟದ ತಟ್ಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಕಡೆಯ ಒಂದು ತಾಲ್ಲೂಕು ಊರಿನಲ್ಲಿ ಆಹಾರ ಸಲಹೆಗಾರ್ತಿಯಾಗಿರುವ ನನಗೆ ದಿನವೂ ಎದುರಾಗುವ ಪ್ರಶ್ನೆಗಳಿವು. ಕೇಳುವವರ ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ ಇರುತ್ತದೆ. ಬಾಯಿಗೆ ರುಚಿಯಾದದ್ದೆಲ್ಲ ಇನ್ನು ಮುಗಿಯಿತು ಎಂಬ ಸಂಕಟ ಮುಖದಲ್ಲಿ ಕಾಣುತ್ತಿರುತ್ತದೆ. ಅಷ್ಟು ಹೆದರಬೇಕಾಗಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ನಮ್ಮ ಊಟದಿಂದ ತೆಗೆದುಹಾಕಬೇಕಾದ ಪದಾರ್ಥಗಳು ಕೆಲವೇ ಕೆಲವು. ಅಳತೆ ಬದಲಿಸಬೇಕಾದವು ಬಹಳ. ಇಲ್ಲಿನ ಮಾತು ಹೆಚ್ಚಾಗಿ ದೊಡ್ಡವರಿಗೆ ಬರುವ ಟೈಪ್ 2 ಮಧುಮೇಹಕ್ಕೆ ಮತ್ತು ಅದರ ಹೊಸ್ತಿಲಲ್ಲಿ ಇರುವವರಿಗೆ ಸಂಬಂಧಿಸಿದ್ದು. ಮಕ್ಕಳ ಮತ್ತು ಗರ್ಭಿಣಿಯರ ವಿಷಯವನ್ನು ಕೊನೆಯ ಕಡೆ ಬೇರೆಯಾಗಿ ಬರೆದಿದ್ದೇನೆ.

ಚೀಟಿಯಲ್ಲಿರುವ ಅಂಕಿಗಳನ್ನು ಹೇಗೆ ಓದಬೇಕು?

ರಾತ್ರಿ ಊಟದ ನಂತರ ಎಂಟು ಗಂಟೆಯಾದರೂ ಏನೂ ತಿನ್ನದೆ ಬೆಳಿಗ್ಗೆ ಕೊಟ್ಟ ರಕ್ತದಲ್ಲಿ ಗ್ಲೂಕೋಸ್ ಪ್ರತಿ ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಸರಿಯಾಗಿದೆ. 100ರಿಂದ 125ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು. 126 ಅಥವಾ ಅದಕ್ಕಿಂತ ಹೆಚ್ಚಿದ್ದು, ಇನ್ನೊಮ್ಮೆ ನೋಡಿದಾಗಲೂ ಹಾಗೆಯೇ ಬಂದರೆ ಮಧುಮೇಹ. ಎಚ್‌ಬಿಎ1ಸಿ ಎಂಬುದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಅದು ಶೇಕಡಾ 5.7ರಿಂದ 6.4ರವರೆಗೆ ಹೊಸ್ತಿಲು, 6.5ರಿಂದ ಮೇಲೆ ಮಧುಮೇಹ. ಚಿಕಿತ್ಸೆಯಲ್ಲಿರುವ ಹೆಚ್ಚಿನವರಿಗೆ ವೈದ್ಯರು ಇಡುವ ಗುರಿ 7ರ ಒಳಗೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಈ ಗುರಿಯನ್ನು ಸ್ವಲ್ಪ ಸಡಿಲಿಸುತ್ತಾರೆ.

ನಮ್ಮ ಹೆಣ್ಣುಮಕ್ಕಳು ಗಮನಿಸಬೇಕಾದ ಒಂದು ವಿಷಯವಿದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು. ಆದ್ದರಿಂದ ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನೂ ಜೊತೆಗೆ ನೋಡಿಸಿ.

ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟ. ಐದು ಲೀಟರ್ ರಕ್ತವಿರುವ ದೇಹದಲ್ಲಿ ಗ್ಲೂಕೋಸ್ 100 ಇದೆ ಎಂದರೆ ಇಡೀ ರಕ್ತದಲ್ಲಿ ಓಡಾಡುತ್ತಿರುವ ಗ್ಲೂಕೋಸ್ ಐದೇ ಗ್ರಾಂ, ಅಂದರೆ ಒಂದು ಟೀ ಚಮಚ! ಒಂದು ಬಟ್ಟಲು ಅನ್ನ ಅರಗಿದಾಗ ಸುಮಾರು ಎಂಟು ಚಮಚದಷ್ಟು ಗ್ಲೂಕೋಸ್ ರಕ್ತಕ್ಕೆ ಇಳಿಯುತ್ತದೆ. ಆರೋಗ್ಯವಂತ ದೇಹ ಅದನ್ನು ಆಗಿಂದಾಗಲೇ ಸ್ನಾಯುಗಳಿಗೂ ಯಕೃತ್ತಿಗೂ ಸಾಗಿಸಿಬಿಡುತ್ತದೆ. ಮಧುಮೇಹದಲ್ಲಿ ಆ ಸಾಗಣೆ ನಿಧಾನವಾಗಿರುತ್ತದೆ. ಒಂದೇ ಸಲಕ್ಕೆ ಎಷ್ಟು ಬರುತ್ತದೆ, ಎಷ್ಟು ಬೇಗ ಬರುತ್ತದೆ ಎಂಬ ಎರಡು ವಿಷಯ ಹಿಡಿತದಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ.

ಸಕ್ಕರೆ, ಸಿಹಿತಿಂಡಿ ಎಲ್ಲ ಬಿಟ್ಟು ಆರು ತಿಂಗಳಾಯಿತು. ಆದರೂ ಅಂಕಿ ಇಳಿಯುತ್ತಿಲ್ಲ, ಏಕೆ?

ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ಕಾಫಿಗೆ ಸಕ್ಕರೆ ಹಾಕುವುದಿಲ್ಲ, ಮಗಳ ಮದುವೆಯಲ್ಲೂ ಲಾಡು ಮುಟ್ಟಲಿಲ್ಲ ಎಂದು ನೋವಿನಿಂದ ಹೇಳುತ್ತಾರೆ. ಅವರ ಮಾತು ನಿಜ. ಆಮೇಲೆ ಮಧ್ಯಾಹ್ನದ ಊಟದ ವಿವರ ಕೇಳುತ್ತೇನೆ. ಹುಳಿಗೆ ಒಂದು ಸಲ ಅನ್ನ, ತಿಳಿಸಾರಿಗೆ ಇನ್ನೊಂದು ಸಲ, ಕೊನೆಗೆ ಮಜ್ಜಿಗೆಗೆ ಮತ್ತೊಂದು ಸಲ. ಸಲಕ್ಕೊಂದು ಬಟ್ಟಲು, ಅಂದರೆ ಬೆಂದ ಅನ್ನ 150 ಗ್ರಾಂ ಎಂದು ಹಿಡಿದರೂ ಮೂರು ಸಲಕ್ಕೆ ಸುಮಾರು 125 ಗ್ರಾಂ ಪಿಷ್ಟವಾಯಿತು. ಪಿಷ್ಟವೆಂದರೆ ಗ್ಲೂಕೋಸಿನ ಸರಪಳಿ. ಹೊಟ್ಟೆಗೆ ಹೋದ ಮೇಲೆ ಕಳಚಿಕೊಂಡು ಇಪ್ಪತ್ತೈದು ಚಮಚ ಸಕ್ಕರೆಯಷ್ಟೇ ಆಗುತ್ತದೆ. ನಾಲಿಗೆಗೆ ಸಿಹಿ ಎನಿಸದ ಕಾರಣ ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದು ಒಬ್ಬಿಬ್ಬರ ಮನೆಯ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಬಂತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ, ಇನ್ನೂ 13 ಕೋಟಿಗಿಂತ ಹೆಚ್ಚು ಜನ ಹೊಸ್ತಿಲಲ್ಲಿದ್ದಾರೆ ಎಂದು ಅದು ಹೇಳಿತು. ನಾವು ತಿನ್ನುವ ಶಕ್ತಿಯಲ್ಲಿ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಪಾಲು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತಿದೆ ಎಂಬುದೂ ಅದೇ ಸಮೀಕ್ಷೆಯಿಂದ ತಿಳಿದದ್ದು. ಈ ಪಾಲನ್ನು ಐವತ್ತರ ಹತ್ತಿರಕ್ಕೆ ಇಳಿಸಿ, ಬೇಳೆಕಾಳು, ಮೊಸರು, ಮೊಟ್ಟೆ, ಮೀನಿನಂಥ ಪದಾರ್ಥಗಳಿಂದ ಪ್ರೋಟೀನ್ ಹೆಚ್ಚಿಸಿಕೊಳ್ಳಬೇಕು ಎಂಬುದು ಅದರ ಆಧಾರದ ಮೇಲೆ ಬಂದ ಸಲಹೆ. ಅನ್ನ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮೂರು ಸಲದ ಅನ್ನವನ್ನು ಒಂದು ಸಲಕ್ಕೆ ಇಳಿಸಿ ಎನ್ನುತ್ತೇನೆ. ಸಾರನ್ನು ಲೋಟದಲ್ಲಿ ಕುಡಿಯಬಹುದು, ಮಜ್ಜಿಗೆಯನ್ನೂ ಹಾಗೆಯೇ ಕುಡಿಯಬಹುದು. ಅವುಗಳಿಗೆ ಅನ್ನ ಜೊತೆಯಾಗಲೇಬೇಕೆಂಬ ಕಟ್ಟಳೆ ಇಲ್ಲ.

ಹಾಗಾದರೆ ಅನ್ನದ ಬದಲು ರಾಗಿ ಮುದ್ದೆ ಎಷ್ಟು ಬೇಕಾದರೂ ಉಣ್ಣಬಹುದಲ್ಲವೇ?

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ.

ರಾಗಿ ಒಳ್ಳೆಯ ಧಾನ್ಯ ಎಂಬುದರಲ್ಲಿ ಸಂಶಯವಿಲ್ಲ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಕ್ಯಾಲ್ಸಿಯಂ ರಾಗಿಯಲ್ಲಿ 350 ಮಿಲಿಗ್ರಾಮಿನ ಆಸುಪಾಸು, ಅಕ್ಕಿಯಲ್ಲಿ ಹೇಳಿಕೊಳ್ಳುವಷ್ಟಿಲ್ಲ. ಆದರೆ ಪಿಷ್ಟದ ಲೆಕ್ಕಕ್ಕೆ ಬಂದರೆ ಅಕ್ಕಿಯಲ್ಲಿ 78 ಗ್ರಾಂ, ರಾಗಿಯಲ್ಲಿ 67 ಗ್ರಾಂ. ವ್ಯತ್ಯಾಸ ಇರುವುದು ನಿಜವಾದರೂ ಎರಡು ಪಟ್ಟು ಉಣ್ಣಲು ಪರವಾನಗಿ ಕೊಡುವಷ್ಟಿಲ್ಲ.

ನನ್ನ ಮೇಜಿನ ಮೇಲೆ ಒಂದು ಡಬ್ಬಿಯಲ್ಲಿ ಗೋಧಿಹಿಟ್ಟಿನ ಕಣಕ, ಪಕ್ಕದಲ್ಲಿ ಸಣ್ಣ ತಕ್ಕಡಿ ಇರುತ್ತದೆ. ‘ನಿಮ್ಮ ಮನೆಯ ಮುದ್ದೆ ಎಷ್ಟು ದಪ್ಪ? ಕಟ್ಟಿ ತೋರಿಸಿ’ ಎನ್ನುತ್ತೇನೆ. ಅರುವತ್ತರ ಹತ್ತಿರದ ಒಬ್ಬ ತೆಂಗಿನ ತೋಟದ ಯಜಮಾನರು ಕಣಕವನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ನುಣ್ಣಗೆ ಉರುಳಿಸಿ, ತಲೆಯ ಮೇಲೊಂದು ಗುಳಿ ಒತ್ತಿ ತಕ್ಕಡಿಗೆ ಇಟ್ಟರು. ಮುದ್ದೆ ಮಾಡುವವರ ಕೈ ಅದು, ಒಂದು ಬಿರುಕೂ ಇರಲಿಲ್ಲ. 430 ಗ್ರಾಂ ತೂಗಿತು. ಮುದ್ದೆಯ ತೂಕದಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಹಿಟ್ಟು, ಉಳಿದದ್ದು ನೀರು. ಅಂದರೆ ಅಂಥ ಒಂದು ಮುದ್ದೆಯಲ್ಲಿ 140 ಗ್ರಾಂ ಹಿಟ್ಟು, 95 ಗ್ರಾಂ ಪಿಷ್ಟ. ಅದರ ಮೇಲೆ ಒಂದಿಷ್ಟು ಅನ್ನ ಮಜ್ಜಿಗೆ. ಅವರ ತಂದೆ ಇಷ್ಟೇ ಉಂಡು ಎಂಬತ್ತು ವರ್ಷ ಬಾಳಿದ್ದರಂತೆ. ನಿಜವೇ ಇರಬೇಕು, ಆದರೆ ಅವರ ತಂದೆ ಬೆಳಗಿನಿಂದ ಸಂಜೆಯವರೆಗೆ ನೇಗಿಲ ಹಿಂದೆ ನಡೆದವರು, ಇವರು ತೋಟಕ್ಕೆ ಬೈಕಿನಲ್ಲಿ ಹೋಗಿಬರುವವರು.

ಆ ಕಣಕವನ್ನು ನಾನು ಮುರಿದು, ಒಂದು ಕಿತ್ತಳೆ ಹಣ್ಣಿನಷ್ಟು, 200 ಗ್ರಾಂ ಆಗುವಂತೆ ಅವರ ಕೈಯಿಂದಲೇ ಮತ್ತೆ ಕಟ್ಟಿಸಿದೆ. ‘ಇದು ಮಕ್ಕಳ ಮುದ್ದೆ’ ಎಂದರು. ಬಸ್ಸಾರಿನ ಸೊಪ್ಪು ಕಾಳನ್ನು ಮಾತ್ರ ದೊಡ್ಡವರ ಅಳತೆಯಲ್ಲಿ, ಎರಡು ಬಟ್ಟಲು ಬಡಿಸಿಕೊಳ್ಳಿ ಎಂದು ಹೇಳಿ ಕಳುಹಿಸಿದೆ. ಹಸಿವು ಆಗಲಿಲ್ಲವೆಂದು ಅವರೇ ಬಂದು ಹೇಳಿದರು. ಎರಡು ತಿಂಗಳ ಹೊತ್ತಿಗೆ ಊಟವಾಗಿ ಎರಡು ಗಂಟೆಯ ನಂತರದ ಅಂಕಿ 260ರ ಆಸುಪಾಸಿನಿಂದ 190ಕ್ಕೆ ಬಂದಿತ್ತು. ಹಿಟ್ಟು ಅದೇ, ಮಿಲ್ಲು ಅದೇ, ಅಡುಗೆ ಮಾಡುವವರೂ ಅವರೇ.

ರಾಗಿ ಮಾಲ್ಟ್ ಮತ್ತು ಅಂಬಲಿಯ ಬಗ್ಗೆಯೂ ಒಂದು ಮಾತು. ನುಣ್ಣಗೆ ಬೀಸಿದ ಹಿಟ್ಟನ್ನು ನೀರಿನಲ್ಲಿ ಚೆನ್ನಾಗಿ ಬೇಯಿಸಿ ತೆಳ್ಳಗೆ ಕುಡಿದರೆ ಅಗಿಯುವ ಕೆಲಸವೂ ಇಲ್ಲ, ಅರಗಿಸುವ ಶ್ರಮವೂ ಇಲ್ಲ. ಗ್ಲೂಕೋಸ್ ಬೇಗ ಏರುತ್ತದೆ. ಬೆಲ್ಲ ಹಾಕಿದ ಮಾಲ್ಟ್ ಕುಡಿದು ‘ರಾಗಿಯೇ ತಾನೆ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಬೇಕಾದರೆ ಮಜ್ಜಿಗೆ ಹಾಕಿದ ಅಂಬಲಿಯನ್ನು ಸಣ್ಣ ಲೋಟದಲ್ಲಿ, ಜೊತೆಗೆ ಕಾಳಿನ ಪಲ್ಯ ಇಟ್ಟುಕೊಂಡು ಕುಡಿಯಿರಿ.

ಸಿರಿಧಾನ್ಯಕ್ಕೆ ಬದಲಾದರೆ ಮಧುಮೇಹ ಹೋಗುತ್ತದೆಯೇ?

ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಎಲ್ಲವೂ ನಮ್ಮ ಒಣ ಭೂಮಿಯ ಹೆಮ್ಮೆಯ ಬೆಳೆಗಳು. 2023ನೇ ವರ್ಷವನ್ನು ವಿಶ್ವಸಂಸ್ಥೆ ಇವುಗಳಿಗಾಗಿಯೇ ಮೀಸಲಿಟ್ಟಿತ್ತು. ಬಿಳಿ ಅನ್ನದ ಬದಲು ತವುಡು ಉಳಿದಿರುವ ನವಣೆ ಅನ್ನ ಉಂಡರೆ ಸಕ್ಕರೆ ಏರುವ ವೇಗ ತಗ್ಗುವುದು ನಿಜ. ಆದರೆ ಇವುಗಳಲ್ಲೂ ಪಿಷ್ಟವೇ ಮುಖ್ಯ ಅಂಶ. ಈಗ ಅಂಗಡಿಯಲ್ಲಿ ಸಿಗುವ ಸಿರಿಧಾನ್ಯ ಎಷ್ಟೋ ಕಡೆ ಬೆಳ್ಳಗೆ ಹೊಳೆಯುವಂತೆ ಪಾಲಿಶ್ ಆಗಿ ಬರುತ್ತದೆ. ನಾರೆಲ್ಲ ತವುಡಿನ ಜೊತೆ ಹೋಗಿರುತ್ತದೆ. ಸ್ವಲ್ಪ ಮಾಸಲು ಬಣ್ಣದ್ದನ್ನು ಆರಿಸಿಕೊಳ್ಳಿ. ಸಿರಿಧಾನ್ಯದ ಬಿಸ್ಕತ್ತು, ನೂಡಲ್ಸ್ ಪೊಟ್ಟಣ ಕೊಳ್ಳುವ ಮುನ್ನ ಹಿಂಬದಿಯಲ್ಲಿ ಮೈದಾ ಎಷ್ಟು, ಸಕ್ಕರೆ ಎಷ್ಟು ಎಂದು ಓದಿ. ದುಬಾರಿ ಎನಿಸಿದರೆ ಕೊಳ್ಳಲೇಬೇಕಾಗಿಲ್ಲ. ಅಳತೆಯಲ್ಲಿ ಉಂಡ ಅಕ್ಕಿ, ಅಳತೆ ಮೀರಿ ಉಂಡ ನವಣೆಗಿಂತ ಮೇಲು.

ನಾವು ಕರಾವಳಿಯವರು. ಕುಚಲಕ್ಕಿ ಒಳ್ಳೆಯದಲ್ಲವೇ?

ಬಿಳಿ ಅಕ್ಕಿಗಿಂತ ಒಳ್ಳೆಯದು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವುದರಿಂದ ಬಿ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿದು ಉಳಿಯುತ್ತವೆ, ಪಿಷ್ಟವೂ ಕೊಂಚ ಬಿಗಿಯಾಗಿ ನಿಧಾನ ಅರಗುತ್ತದೆ. ಆದರೂ ಅದು ಅಕ್ಕಿಯೇ. ಬೆಳಿಗ್ಗೆ ದೊಡ್ಡ ಬೋಗುಣಿ ತುಂಬ ಗಂಜಿ, ಜೊತೆಗೆ ಉಪ್ಪಿನಕಾಯಿ ಮಾತ್ರ ಎಂದಾದರೆ ಲಾಭವಿಲ್ಲ. ಗಂಜಿ ಅರ್ಧಕ್ಕಿಳಿಸಿ ಹುರುಳಿ ಚಟ್ನಿ, ಬಸಳೆ ಪದಾರ್ಥ, ಇಲ್ಲವೇ ಬಂಗುಡೆ ಸಾರು ಜೊತೆಗಿರಲಿ.

ತಟ್ಟೆಯಲ್ಲಿ ಯಾವುದು ಎಷ್ಟಿರಬೇಕು?

ತಟ್ಟೆಯ ಅರ್ಧ ತರಕಾರಿ ಸೊಪ್ಪು, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಅನ್ನ, ಮುದ್ದೆ ಅಥವಾ ರೊಟ್ಟಿ. ನಮ್ಮ ಬಾಳೆಲೆಯ ಬಡಿಸುವ ಕ್ರಮವನ್ನೊಮ್ಮೆ ನೆನೆಸಿಕೊಳ್ಳಿ: ಎಲೆಯ ಮೇಲಂಚಿನಲ್ಲಿ ಒಂದು ಚಮಚ ಕೋಸಂಬರಿ, ಒಂದು ಚಮಚ ಪಲ್ಯ, ನಡುವೆ ಗುಡ್ಡದಂತೆ ಅನ್ನ. ಈ ಅನುಪಾತವನ್ನು ತಿರುವಿಹಾಕಿದರೆ ಅದೇ ಎಲೆಯ ಊಟ ಮಧುಮೇಹಕ್ಕೆ ಹೇಳಿಮಾಡಿಸಿದಂತಾಗುತ್ತದೆ.

ಉಣ್ಣುವ ಕ್ರಮವೂ ಮುಖ್ಯ. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಏರಿಕೆ ತಗ್ಗುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ನಾನು ನನ್ನ ಮನೆಯಲ್ಲಿ ಮಾಡುವುದನ್ನೇ ಹೇಳುತ್ತೇನೆ. ಒಂದು ಹಿಡಿ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ಬಸಿಯುತ್ತೇನೆ. ಎರಡು ಸೌತೆಕಾಯಿ, ಒಂದು ಕ್ಯಾರೆಟ್ ತುರಿದು ಬೆರೆಸಿ, ಕೊತ್ತಂಬರಿ ಸೊಪ್ಪು, ನಿಂಬೆರಸ, ಸ್ವಲ್ಪ ತೆಂಗಿನತುರಿ ಹಾಕಿ, ಅರ್ಧ ಚಮಚ ಎಣ್ಣೆಯಲ್ಲಿ ಸಾಸಿವೆ ಇಂಗಿನ ಒಗ್ಗರಣೆ ಕೊಡುತ್ತೇನೆ. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕುತ್ತೇನೆ, ಇಲ್ಲದಿದ್ದರೆ ನೀರೊಡೆಯುತ್ತದೆ. ಊಟಕ್ಕೆ ಕುಳಿತ ಕೂಡಲೇ ಇದನ್ನು ಒಂದು ಬಟ್ಟಲು ತುಂಬ ತಿಂದು ಮುಗಿಸಿ, ಆಮೇಲೆ ಅನ್ನಕ್ಕೆ ಕೈಹಾಕುವುದು. ಹಬ್ಬ ಮದುವೆಗಳಲ್ಲಿ ಎಲೆಯಂಚಿಗೆ ಬಡಿಸುವ ಈ ಕೋಸಂಬರಿ ನಿತ್ಯದ್ದಾಗಬೇಕು ಎಂಬುದು ನನ್ನ ಆಸೆ.

ಬೇಳೆಯ ವಿಷಯದಲ್ಲಿ ಒಂದು ಎಚ್ಚರ. ತಿಳಿಸಾರಿನಲ್ಲಿ ಬೇಳೆ ಹೆಸರಿಗಷ್ಟೇ ಇರುತ್ತದೆ. ಗಟ್ಟಿ ಹುಳಿ, ಹುರುಳಿಕಾಳು ಸಾರಿನ ಕಾಳು, ಹೆಸರುಕಾಳು ಉಸಲಿ, ಕಾಲಕ್ಕೆ ಸಿಗುವ ಅವರೆಕಾಳು, ಅಲಸಂದೆ ಇವು ಹೊಟ್ಟೆಗೆ ಸೇರಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಆಲೂಗಡ್ಡೆ, ಗೆಣಸು, ಸುವರ್ಣಗಡ್ಡೆಗಳನ್ನು ತರಕಾರಿಯ ಪಾಲಿಗೆ ಸೇರಿಸಬೇಡಿ, ಅವು ಅನ್ನದ ಪಾಲು. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಪ್ರೋಟೀನಿನ ಅಳತೆ ಬೇರೆ, ಅದನ್ನು ವೈದ್ಯರೇ ಹೇಳಬೇಕು.

ಬೆಳಗಿನ ತಿಂಡಿಗೆ ಏನು ಮಾಡಲಿ?

ನಮ್ಮ ತಿಂಡಿಗಳೆಲ್ಲ ಅಕ್ಕಿ ಮತ್ತು ರವೆಯ ಸುತ್ತಲೇ ಸುತ್ತುತ್ತವೆ. ಇಡ್ಲಿ, ದೋಸೆ, ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟು, ಶಾವಿಗೆ. ಬೆಳಗಿನ ಹೊತ್ತು ದೇಹ, ಗ್ಲೂಕೋಸನ್ನು ರಕ್ತದಿಂದ ಸಾಗಿಸುವ ಹಾರ್ಮೋನಾದ ಇನ್ಸುಲಿನ್‌ಗೆ ಸರಿಯಾಗಿ ಓಗೊಡದ ಕಾರಣ ತಿಂಡಿಯ ನಂತರದ ಏರಿಕೆಯೇ ಹಲವರಲ್ಲಿ ದಿನದ ಅತಿ ದೊಡ್ಡ ಏರಿಕೆ. ಸಣ್ಣ ಇಡ್ಲಿ ಎರಡು, ಗಟ್ಟಿ ತರಕಾರಿ ಸಾಂಬಾರು ಒಂದು ಬಟ್ಟಲು, ಜೊತೆಗೆ ಒಂದು ಬೇಯಿಸಿದ ಮೊಟ್ಟೆ ಅಥವಾ ಕಾಳಿನ ಉಸಲಿ ಇದ್ದರೆ ಚೆನ್ನಾಗಿರುತ್ತದೆ. ತಟ್ಟೆ ಇಡ್ಲಿಯನ್ನು ಒಂದು ಎಂದು ಎಣಿಸಬೇಡಿ. ದೋಸೆಯ ಹಿಟ್ಟಿಗೆ ಅಕ್ಕಿ ಇಳಿಸಿ ಹೆಸರುಕಾಳು ಏರಿಸಿ. ಉಪ್ಪಿಟ್ಟಿಗೆ ರವೆ ಎಷ್ಟೋ ಅದರ ಎರಡು ಪಟ್ಟು ಹುರುಳಿಕಾಯಿ, ಕ್ಯಾರೆಟ್, ಬಟಾಣಿ ಬೀಳಲಿ. ಅಕ್ಕಿ ರೊಟ್ಟಿ ತಟ್ಟುವಾಗ ಸಬ್ಬಸಿಗೆ ಸೊಪ್ಪು, ಅವರೆಕಾಳು ಧಾರಾಳವಾಗಿ ಹಾಕಿ.

ಉತ್ತರ ಕರ್ನಾಟಕದ ತಟ್ಟೆಯನ್ನು ನಾನು ಯಾವಾಗಲೂ ಉದಾಹರಣೆಗೆ ತರುತ್ತೇನೆ. ತೆಳ್ಳನೆಯ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆ, ಮೂಲಂಗಿ, ಮೊಸರು, ಶೇಂಗಾ ಚಟ್ನಿ. ಇದಕ್ಕಿಂತ ಉತ್ತಮವಾದದ್ದನ್ನು ಯಾವ ಆಹಾರ ತಜ್ಞರೂ ಹೊಸದಾಗಿ ಕಟ್ಟಿಕೊಡಲಾರರು. ರೊಟ್ಟಿಯ ಎಣಿಕೆ ಎರಡಕ್ಕೆ ನಿಂತರೆ ಸಾಕು.

ಸಕ್ಕರೆಯ ಬದಲು ಬೆಲ್ಲ ಅಥವಾ ಜೇನುತುಪ್ಪ?

ಬೇಡ. ಬೆಲ್ಲದ ಬಹುಪಾಲು ಸಕ್ಕರೆಯೇ; ಅದರಲ್ಲಿನ ಕಬ್ಬಿಣಾಂಶಕ್ಕಾಗಿ ತಿನ್ನಬೇಕಾದಷ್ಟು ಬೆಲ್ಲ ಮಧುಮೇಹಿಗೆ ವಿಷವಾಗುತ್ತದೆ. ಜೇನಿನಲ್ಲಿ ಇರುವುದೂ ಗ್ಲೂಕೋಸ್ ಮತ್ತು ಫ್ರಕ್ಟೋಸ್.

ಕಾಫಿ ಬಿಡಲಾರೆ. ಏನು ಮಾಡಲಿ?

ಕಾಫಿ ಬಿಡಬೇಕಾಗಿಲ್ಲ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ ಆಯಿತು. ಒಂದೇ ದಿನ ಸಪ್ಪೆಗೆ ಇಳಿದರೆ ನಾಲಿಗೆ ಒಪ್ಪುವುದಿಲ್ಲ, ನಾಲ್ಕನೇ ದಿನ ಮತ್ತೆ ಡಬ್ಬಿ ತೆರೆಯುತ್ತೀರಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಒಂದು ತಿಂಗಳಿಗೆ ಡಿಕಾಕ್ಷನ್ನಿನ ನಿಜವಾದ ರುಚಿ ಸಿಗಲು ಶುರುವಾಗುತ್ತದೆ. ಕೃತಕ ಸಿಹಿಗುಳಿಗೆಯನ್ನು ದಾಟುವ ಕಾಲಕ್ಕೆ ಒಂದೆರಡು ಬಳಸಿದರೆ ತೊಂದರೆಯಿಲ್ಲ. ತೂಕ ಇಳಿಸಲು ಇವನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು, ಆದರೆ ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತ್ತು. ಸಕ್ಕರೆರಹಿತ ಎಂದು ಬರೆದ ಬಿಸ್ಕತ್ತಿನಲ್ಲಿ ಮೈದಾ ಇದ್ದೇ ಇರುತ್ತದೆ ಎಂಬುದನ್ನು ಮರೆಯಬೇಡಿ.

ಹಣ್ಣು ತಿನ್ನಬಹುದೇ? ಮಾವಿನ ಕಾಲದಲ್ಲಿ ಬಾಯಿ ಕಟ್ಟಿಕೊಳ್ಳಬೇಕೇ?

ಹಣ್ಣು ತಿನ್ನಿ, ರಸ ಕುಡಿಯಬೇಡಿ. ಒಂದು ಲೋಟ ರಸಕ್ಕೆ ಮೂರು ಕಿತ್ತಳೆ ಬೇಕು, ನಾರೆಲ್ಲ ಜರಡಿಯಲ್ಲೇ ಉಳಿಯುತ್ತದೆ. ಸೀಬೆ, ಪಪ್ಪಾಯಿ, ಕಿತ್ತಳೆ, ಸೇಬು, ನೇರಳೆ ದಿನಕ್ಕೊಂದು ಬಟ್ಟಲು ಸರಿ. ಏಲಕ್ಕಿ ಬಾಳೆ ಸಣ್ಣದೊಂದು ಸಾಕು, ಪಚ್ಚಬಾಳೆಯಾದರೆ ಅರ್ಧ. ಸಪೋಟ, ಸೀತಾಫಲ, ಹಲಸಿನ ತೊಳೆ ಅಪರೂಪಕ್ಕೆ, ಎಣಿಸಿ. ಎಳನೀರು ನೀರಲ್ಲ, ಒಂದು ಕಾಯಿಯಲ್ಲಿ ಎರಡು ಚಮಚದ ಹತ್ತಿರ ಸಕ್ಕರೆ ಇರುತ್ತದೆ. ಆ ಲೆಕ್ಕವಿಟ್ಟುಕೊಂಡು ಕುಡಿಯಿರಿ.

ಮಾವಿಗೆ ನನ್ನ ಕಟ್ಟುನಿಟ್ಟು ಇಷ್ಟೇ: ಊಟದ ಮೇಲೆ ಬೇಡ, ಸೀಕರಣೆ ಬೇಡ. ಸಂಜೆ ನಾಲ್ಕು ಗಂಟೆಗೆ, ಒಂದು ಬದಿಯ ಹೋಳು, ಜೊತೆಗೆ ಒಂದು ಹಿಡಿ ಶೇಂಗಾ. ಆ ದಿನ ರಾತ್ರಿಯ ಅನ್ನ ಇನ್ನಷ್ಟು ಕಡಿಮೆ. ರಸಪೂರಿಯನ್ನು ಪೂರ್ತಿ ನಿಷೇಧಿಸಿದರೆ ಜನ ಕದ್ದು ನಾಲ್ಕು ತಿನ್ನುತ್ತಾರೆ, ನನಗೆ ಹೇಳುವುದಿಲ್ಲ. ಹೇಳಿ ಒಂದು ಹೋಳು ತಿನ್ನುವುದು ಎಷ್ಟೋ ವಾಸಿ.

ಹಾಗಲಕಾಯಿ ರಸ, ಮೆಂತ್ಯ, ಮಧುನಾಶಿನಿ ಇವುಗಳಿಂದ ಪ್ರಯೋಜನ ಇದೆಯೇ?

ಮೆಂತ್ಯದಲ್ಲಿ ಲೋಳೆಯಂಥ ನಾರು ಹೇರಳವಾಗಿದೆ. ಅದು ಅರಗುವಿಕೆಯನ್ನು ನಿಧಾನಗೊಳಿಸುತ್ತದೆ, ಸಣ್ಣ ಅಧ್ಯಯನಗಳಲ್ಲಿ ಸ್ವಲ್ಪ ಇಳಿಕೆ ಕಂಡಿದೆ. ನೆನೆಸಿದ ಒಂದೆರಡು ಚಮಚ ತಿನ್ನಿ, ಒಳ್ಳೆಯದೇ. ಹಾಗಲಕಾಯಿಯನ್ನು ಪಲ್ಯವಾಗಿ, ಗೊಜ್ಜಾಗಿ ತಿನ್ನಿ, ಗೊಜ್ಜಿನ ಬೆಲ್ಲ ಮರೆತು. ಮಧುನಾಶಿನಿ ಎಲೆ ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿಯೇ ತಿಳಿಯುವುದಿಲ್ಲ, ಸಕ್ಕರೆ ಮರಳಿನಂತೆ ಎನಿಸುತ್ತದೆ. ಇವೆಲ್ಲ ಊಟದ ಜೊತೆಗಾರರು, ಮಾತ್ರೆಯ ಜಾಗಕ್ಕೆ ಬರುವಂಥವಲ್ಲ.

ಎರಡು ವಿಷಯದಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಸೋರೆಕಾಯಿ ರಸ ಕಹಿಯಾಗಿದ್ದರೆ ಒಂದು ಗುಟುಕೂ ಕುಡಿಯಬೇಡಿ. ಅಂಥ ರಸ ಕುಡಿದು ರಕ್ತವಾಂತಿಯಾಗಿ ಪ್ರಾಣ ಹೋದದ್ದೂ ಇದೆ. ಲೇಬಲ್ ಇಲ್ಲದ ಪುಡಿಯನ್ನು ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ. ಗಿಡಮೂಲಿಕೆ ಎಂದು ಮಾರಿದ ಪುಡಿಗಳಲ್ಲಿ ಮಧುಮೇಹದ ಮಾತ್ರೆಯನ್ನೇ ಅರೆದು ಬೆರೆಸಿದ್ದು ಪತ್ತೆಯಾದ ಪ್ರಕರಣಗಳಿವೆ. ಅಳತೆ ತಿಳಿಯದ ಮಾತ್ರೆ ಅಪಾಯ.

ರಾತ್ರಿ ಬೇಗ, ಕಡಿಮೆ ಉಂಡರೂ ಬೆಳಗಿನ ಅಂಕಿ ಹೆಚ್ಚು ಬರುತ್ತದೆ. ನಾನೇನು ತಪ್ಪು ಮಾಡುತ್ತಿದ್ದೇನೆ?

ತಪ್ಪು ನಿಮ್ಮದಲ್ಲದೆ ಇರಬಹುದು. ಬೆಳಗಿನ ಜಾವ ದೇಹ ಏಳಲು ಸಿದ್ಧವಾಗುವಾಗ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರಿ, ಯಕೃತ್ತು ತಾನು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಇದು ಎಲ್ಲರಲ್ಲೂ ಆಗುವಂಥದ್ದೇ. ಮಧುಮೇಹದಲ್ಲಿ ಅದಕ್ಕೆ ಕಡಿವಾಣ ಇರುವುದಿಲ್ಲ. ರಾತ್ರಿ ಊಟ ಪೂರ್ತಿ ಬಿಡುವುದು ಇದಕ್ಕೆ ಪರಿಹಾರವಲ್ಲ. ಎಂಟರ ಒಳಗೆ ಊಟ, ಆಮೇಲೆ ಸ್ವಲ್ಪ ನಡಿಗೆ, ಸಾಕಷ್ಟು ನಿದ್ದೆ ಸಹಾಯ ಮಾಡುತ್ತವೆ. ಆದರೂ ಏರುತ್ತಲೇ ಇದ್ದರೆ ಮಾತ್ರೆಯ ಹೊತ್ತು ಅಥವಾ ಪ್ರಮಾಣ ಬದಲಿಸಬೇಕಾಗಬಹುದು, ವೈದ್ಯರಿಗೆ ತೋರಿಸಿ.

ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡಬಹುದೇ?

ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಉದ್ದನೆಯ ಉಪವಾಸ ಮಾಡಿದರೆ, ಇಲ್ಲವೇ ಅನ್ನ ರೊಟ್ಟಿಯನ್ನು ಪೂರ್ತಿ ಬಿಟ್ಟರೆ ರಕ್ತದಲ್ಲಿ ಆಮ್ಲ ಹೆಚ್ಚಾಗುವ ಗಂಭೀರ ಸ್ಥಿತಿ ಬರಬಹುದು. ಆಗ ಸಕ್ಕರೆಯ ಅಂಕಿ ಅಷ್ಟೇನೂ ಏರಿರುವುದಿಲ್ಲವಾದ್ದರಿಂದ ಗೊತ್ತೇ ಆಗುವುದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಉಪವಾಸಕ್ಕೆ ಕೆಲವು ವಾರ ಮೊದಲೇ ವೈದ್ಯರನ್ನು ಕೇಳಿ ಔಷಧ ಹೊಂದಿಸಿಕೊಳ್ಳಬೇಕು.

ಬೆವರು, ನಡುಕ, ಕಣ್ಣು ಮಂಕಾಗುವುದು, ಎದೆ ಡವಗುಟ್ಟುವುದು ಕಂಡು, ಅಂಕಿ 70ಕ್ಕಿಂತ ಕೆಳಗಿದ್ದರೆ ಅಲ್ಲಿಗೆ ವ್ರತ ನಿಲ್ಲಿಸಿ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷದ ನಂತರ ಮತ್ತೆ ನೋಡಿ. ಇನ್ನೂ ಏರದಿದ್ದರೆ ಮತ್ತೊಮ್ಮೆ. ಏರಿದ ಮೇಲೆ ಊಟ ಮಾಡಿ. ಇನ್ನೊಂದು ಮಾತು, ಏಕಾದಶಿಯ ಹೆಸರಿನಲ್ಲಿ ಸಾಬುದಾನಿ, ಬಾಳೆಹಣ್ಣು, ಅವಲಕ್ಕಿ ತುಂಬ ತಿಂದರೆ ಅದು ಮಧುಮೇಹದ ಮಟ್ಟಿಗೆ ಉಪವಾಸವೇ ಅಲ್ಲ.

ತೆಂಗಿನಕಾಯಿ, ತುಪ್ಪ, ಎಣ್ಣೆ?

ಇವು ಸಕ್ಕರೆಯನ್ನು ನೇರವಾಗಿ ಏರಿಸುವುದಿಲ್ಲ, ತೂಕವನ್ನು ಏರಿಸುತ್ತವೆ. ಮಧುಮೇಹಿಗೆ ಹೃದಯದ ಕಾಯಿಲೆಯ ಭಯವೂ ಹೆಚ್ಚು. ಒಬ್ಬರಿಗೆ ತಿಂಗಳಿಗೆ ಎಲ್ಲ ಸೇರಿ ಅರ್ಧ ಲೀಟರಿನ ಸುತ್ತಮುತ್ತ ಎಣ್ಣೆ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪು ರಕ್ತದೊತ್ತಡಕ್ಕೆ ಕೆಟ್ಟದ್ದು.

ಊಟವಾದ ಕೂಡಲೇ ಮಲಗಬಾರದು ಎನ್ನುತ್ತಾರೆ. ನಡೆದರೆ ಏನಾಗುತ್ತದೆ?

ಕೆಲಸ ಮಾಡುವ ಸ್ನಾಯು ಗ್ಲೂಕೋಸನ್ನು ಇನ್ಸುಲಿನ್‌ನ ಹೆಚ್ಚಿನ ಸಹಾಯವಿಲ್ಲದೆಯೇ ಎಳೆದುಕೊಳ್ಳುತ್ತದೆ. ಹಾಗಾಗಿ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲೋ ಬೀದಿಯಲ್ಲೋ ನಡೆದರೆ ಏರಿಕೆ ತಗ್ಗುತ್ತದೆ. ಇದಕ್ಕೆ ದುಡ್ಡೂ ಬೇಡ, ಬೂಟೂ ಬೇಡ. ಗ್ಲೂಕೋಮೀಟರ್ ಇರುವವರು ಒಂದು ದಿನ ಊಟ ಮಾಡಿ ಕುಳಿತು, ಮರುದಿನ ಅದೇ ಊಟ ಮಾಡಿ ನಡೆದು, ಎರಡು ಗಂಟೆಯ ನಂತರ ಬೆರಳು ಚುಚ್ಚಿ ನೋಡಿ. ನನ್ನ ಮಾತಿಗಿಂತ ಆ ಎರಡು ಅಂಕಿಗಳು ನಿಮ್ಮನ್ನು ಹೆಚ್ಚು ನಂಬಿಸುತ್ತವೆ.

ಹಬ್ಬ, ಮದುವೆ ಊಟ ಬಂದಾಗ?

ಒಂದು ದಿನದ ಒಂದು ಹೋಳಿಗೆಯಿಂದ ಯಾರ ಮೂರು ತಿಂಗಳ ಸರಾಸರಿಯೂ ಕೆಡುವುದಿಲ್ಲ. ಕೆಡಿಸುವುದು ಹಬ್ಬದ ನಂತರ ಡಬ್ಬಿಯಲ್ಲಿ ಉಳಿದ ಚಕ್ಕುಲಿ, ಕರ್ಜಿಕಾಯಿ, ಎಳ್ಳುಬೆಲ್ಲ. ಹೋಳಿಗೆ ತಿನ್ನುವ ದಿನ ಚಿತ್ರಾನ್ನವನ್ನೂ ಬಿಳಿ ಅನ್ನವನ್ನೂ ಬಿಟ್ಟು, ಕೋಸಂಬರಿ ಪಲ್ಯ ಎರಡನೇ ಸಲ ಹಾಕಿಸಿಕೊಳ್ಳಿ. ಹೋಳಿಗೆಗೆ ಹಾಲು, ಮೇಲೆ ಸಕ್ಕರೆ ಬೇಡ. ತುಪ್ಪ ಒಂದು ಚಮಚ ಸಾಕು. ಬಲವಂತ ಮಾಡಿ ಬಡಿಸುವವರಿಗೆ ನನ್ನದೊಂದು ಬಿನ್ನಹ: ‘ಇವತ್ತೊಂದು ದಿನ’ ಎನ್ನುವ ಮಾತು ಅವರಿಗೆ ವರ್ಷಕ್ಕೆ ಐವತ್ತು ಮನೆಗಳಲ್ಲಿ ಕೇಳಿಸುತ್ತದೆ.

ಊಟ ಸರಿಮಾಡಿಕೊಂಡರೆ ಮಾತ್ರೆ ನಿಲ್ಲಿಸಬಹುದೇ?

ಕೆಲವರಿಗೆ ಸಾಧ್ಯವಾಗುತ್ತದೆ. ಬ್ರಿಟನ್ನಿನಲ್ಲಿ ನಡೆದ ಡೈರೆಕ್ಟ್ ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮಧುಮೇಹ ಬಂದು ಆರು ವರ್ಷದೊಳಗಿನವರಿಗೆ ಕೆಲವು ತಿಂಗಳು ಬಹಳ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದಾಗ, ಒಂದು ವರ್ಷದ ಹೊತ್ತಿಗೆ ನೂರಕ್ಕೆ 46 ಜನರಲ್ಲಿ ಮಾತ್ರೆಯಿಲ್ಲದೆಯೇ ಅಂಕಿ ಮಧುಮೇಹದ ಗಡಿಯಿಂದ ಕೆಳಗೆ ಬಂದಿತ್ತು. 15 ಕಿಲೋಗಿಂತ ಹೆಚ್ಚು ಇಳಿಸಿದವರಲ್ಲಿ ನೂರಕ್ಕೆ 86. ಆದರೆ ಅವರೆಲ್ಲ ವೈದ್ಯರ ಕಣ್ಗಾವಲಿನಲ್ಲಿದ್ದವರು, ಎರಡನೇ ವರ್ಷಕ್ಕೆ ಆ 46 ಎಂಬುದು 36ಕ್ಕೆ ಇಳಿಯಿತು. ಹೊಸ್ತಿಲಲ್ಲಿ ಇರುವವರಿಗೆ ಭರವಸೆ ಇನ್ನೂ ಹೆಚ್ಚು: ಚೆನ್ನೈನಲ್ಲಿ ನಡೆದು 2006ರಲ್ಲಿ ವರದಿಯಾದ ಅಧ್ಯಯನದಲ್ಲಿ ಊಟ ಮತ್ತು ನಡಿಗೆಯ ಬದಲಾವಣೆಯಿಂದಲೇ ಮಧುಮೇಹಕ್ಕೆ ಜಾರುವುದು ನೂರಕ್ಕೆ 28ರಷ್ಟು ತಗ್ಗಿತು.

ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಅಂಕಿ ಇಳಿಯುತ್ತಾ ಬಂದಂತೆ ವೈದ್ಯರೇ ಪ್ರಮಾಣ ಇಳಿಸುತ್ತಾರೆ. ಇನ್ನು ದೇಹ ಸ್ವತಃ ಇನ್ಸುಲಿನ್ ತಯಾರಿಸದ ಟೈಪ್ 1 ಮಧುಮೇಹದ ಮಕ್ಕಳಿಗೆ ಇನ್ಸುಲಿನ್ ಎಂದರೆ ಉಸಿರು. ಯಾವ ಪಥ್ಯವೂ ಯಾವ ಕಷಾಯವೂ ಅದರ ಬದಲಿಗೆ ನಿಲ್ಲಲಾರದು, ಒಂದೆರಡು ದಿನ ತಪ್ಪಿದರೂ ಜೀವಕ್ಕೆ ಅಪಾಯ.

ಗರ್ಭಿಣಿಗೆ ಸಕ್ಕರೆ ಹೆಚ್ಚಾಗಿದೆ ಎಂದರೆ?

ಗುರಿಗಳು ಇನ್ನಷ್ಟು ಬಿಗಿ: ಬರಿಹೊಟ್ಟೆಯಲ್ಲಿ 95ರ ಒಳಗೆ, ಊಟದ ಎರಡು ಗಂಟೆಗೆ 120ರ ಒಳಗೆ. ಆದರೆ ಗರ್ಭಿಣಿಯನ್ನು ಉಪವಾಸ ಇರಿಸಬಾರದು, ಪಿಷ್ಟ ಪೂರ್ತಿ ಬಿಡಿಸಬಾರದು. ಮೂರು ಸಣ್ಣ ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ: ಹುರಿಗಡಲೆ, ಮಜ್ಜಿಗೆ, ಬೇಯಿಸಿದ ಕಾಳು. ಬಯಕೆ ಊಟಕ್ಕೆ ಬರುವ ನೆಂಟರು ಸಿಹಿಯ ಬದಲು ಹಣ್ಣಿನ ಬುಟ್ಟಿ, ಹೂವು ತಂದರೆ ತಾಯಿಗೂ ಮಗುವಿಗೂ ಉಪಕಾರ ಮಾಡಿದಂತೆ.

ಮನೆಯಲ್ಲಿ ಒಬ್ಬರಿಗಾಗಿ ಬೇರೆ ಅಡುಗೆ ಮಾಡಬೇಕೇ?

ಬೇಡವೇ ಬೇಡ. ಹೆಚ್ಚಿನ ಮನೆಗಳಲ್ಲಿ ಅತ್ತೆಗೋ ಮಾವನಿಗೋ ಪಥ್ಯದ ಅಡುಗೆ ಎಂದು ಸೊಸೆಗೆ ಎರಡು ಒಲೆಯ ಕೆಲಸ ಬೀಳುತ್ತದೆ, ಹದಿನೈದು ದಿನಕ್ಕೆ ನಿಂತುಹೋಗುತ್ತದೆ. ಮಧುಮೇಹ ಅಡುಗೆಯವರಿಗೇ ಬಂದಿದ್ದರಂತೂ ತಮಗಾಗಿ ಬೇರೆ ಮಾಡಿಕೊಳ್ಳುವುದೇ ಇಲ್ಲ. ಎಲ್ಲರದಾದ ಮೇಲೆ ಉಳಿದ ಅನ್ನ, ತಳದ ಸಾರಿಗೆ ಕೈಹಾಕುತ್ತಾರೆ. ಒಬ್ಬ ಗೃಹಿಣಿಗೆ ನಾನು ಹೇಳಿದ್ದು ಒಂದೇ ಕೆಲಸ. ಅಕ್ಕಿ ಅಳೆಯುವ ಪಾವನ್ನು ಡಬ್ಬಿಯಿಂದ ತೆಗೆದು, ಅದರ ಅರ್ಧ ಹಿಡಿಯುವ ಲೋಟವೊಂದನ್ನು ಅದೇ ಡಬ್ಬಿಯಲ್ಲಿ ಇಡಿ, ಉಳಿದ ಅರ್ಧಕ್ಕೆ ಕಾಳು ನೆನೆಸಿ ಎಂದೆ. ಮನೆಯವರಿಗೆಲ್ಲ ಅದೇ ಅಡುಗೆ. ಮುಂದಿನ ಸಲ ಬಂದಾಗ ಅವರ ಗಂಡನ ಪ್ಯಾಂಟಿನ ಬೆಲ್ಟು ಎರಡು ತೂತು ಒಳಕ್ಕೆ ಬಂದಿತ್ತು. ಹಳೆಯ ಪಾವು ಈಗ ಅಟ್ಟದ ಮೇಲಿದೆಯಂತೆ, ನೆಂಟರು ಬಂದಾಗ ಮಾತ್ರ ಕೆಳಗಿಳಿಯುತ್ತದಂತೆ.